ಮಿಷನ್ನಿಗೆ ಉಸಿರು ಕಟ್ಟಿದ್ರೆ ದುಡ್ಡು ಕಟ್ಟೋದು ನಾವು

ಕೊಯ್ಲು ಮುಗಿದ ಮೇಲೆ ಖರ್ಚಿನ ಲೆಕ್ಕ ಬರೀತೀನಿ ಅಂದಿದ್ದೆ. ಬರೆಯೋಕೆ ಕೂತರೆ ಒಂದೇ ಸಾಲು ಕಣ್ಣಿಗೆ ಚುಚ್ಚುತ್ತಾ ಇದೆ. ಕಟಾವು ಮಿಷನ್ ಬಾಡಿಗೆ, 3 ಗಂಟೆ 35 ನಿಮಿಷ, 8,600 ರೂಪಾಯಿ. ಹೋದ ವರ್ಷ ಇದೇ ಗದ್ದೆ, ಇದೇ 2 ಎಕರೆ 10 ಗುಂಟೆ, ಇದೇ ತಳಿ. ಬೇರೆ ಮಿಷನ್ ಬಂದಿತ್ತು, 2 ಗಂಟೆ 20 ನಿಮಿಷಕ್ಕೆ ಮುಗಿಸಿ ಹೋಗಿತ್ತು.

ಬೆಳೆ ಬಿದ್ದಿರಲಿಲ್ಲ. ಮಳೆ ಬಂದಿರಲಿಲ್ಲ. ನಾಲೆ ಬಸಿನೀರು ಬರೋ ಮೂಲೆ ಒಂದು ಸ್ವಲ್ಪ ಹಸಿ ಇತ್ತು, ಅದು ಪ್ರತಿ ವರ್ಷ ಇರೋದೇ. ಆದರೂ 75 ನಿಮಿಷ ಜಾಸ್ತಿ. ಗಂಟೆಗೆ 2,400 ಅಂದ್ರೆ ನಿಮಿಷಕ್ಕೆ 40 ರೂಪಾಯಿ. ಮೂರು ಸಾವಿರ ಹೋಯ್ತು. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಅಂದ್ರೆ ಒಂದೂಕಾಲು ಕ್ವಿಂಟಲ್ ಭತ್ತ ನನ್ನ ಕಣ್ಣೆದುರಿಗೇ ಮಿಷನ್ ಹೊಗೆಯಲ್ಲಿ ಹೋಯ್ತು. ಎಲ್ಲಿ ಹೋಯ್ತು ಅಂತ ಹುಡುಕಿದ ಕಥೆ ಇದು. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಬದುವಿನ ಮೇಲೆ ನಿಂತು ನೋಡ್ತಾ ಇದ್ದೆ. ಚೈನ್ ಮಿಷನ್. ಮೊದಲನೇ ಸುತ್ತು ಪರವಾಗಿಲ್ಲ ಅನ್ನೋ ಹಾಗೆ ಬಂತು. ಬಿಸಿಲು ಏರಿದ ಹಾಗೆ ಅದರ ದಮ್ಮು ಇಳೀತಾ ಹೋಯ್ತು. ದಟ್ಟ ಬೆಳೆ ಬಾಯಿಗೆ ಸಿಕ್ಕ ಕೂಡಲೇ ಇಂಜಿನ್ ಸದ್ದು ಕುಗ್ಗೋದು, ಸೈಲೆನ್ಸರ್‌ನಿಂದ ಮಸಿ ಥರ ಕರಿ ಹೊಗೆ, ಡ್ರೈವರ್ ಹುಡುಗ ಮಿಷನ್ ನಿಧಾನ ಮಾಡೋದು, ಸದ್ದು ಸರಿಹೋದ ಮೇಲೆ ಮತ್ತೆ ಮುಂದಕ್ಕೆ ಬಿಡೋದು. ಇದರ ಜೊತೆಗೆ ಒಂದು ಸುಂಯ್ ಅನ್ನೋ ಸದ್ದು. ಕುಕ್ಕರ್ ಸೀಟಿ ಕೂಗೋಕೆ ಮುಂಚೆ ಬರುತ್ತಲ್ಲ, ಹಂಗೆ. ಭಾರ ಬಿದ್ದಾಗ ಬರುತ್ತೆ, ಭಾರ ಇಳಿದಾಗ ನಿಲ್ಲುತ್ತೆ.

"ಏನಪ್ಪಾ ಇದು ಹೊಗೆ?" ಅಂದೆ. "ಹಂಗೇ ಓಡ್ತೈತೆ ಯಜಮಾನ್ರೇ, ಪಂಪ್ ನೋಡಿಸ್ಬೇಕು" ಅಂದ. ಧರ್ಮಪುರಿ ಕಡೆಯ ಹುಡುಗ, ಕನ್ನಡ ಚೆನ್ನಾಗೇ ಬರುತ್ತೆ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಕಣ್ಣು ಕೆಂಪಗಿತ್ತು. ಮೂರು ದಿನದಿಂದ ರಾತ್ರಿ ನಾಲ್ಕು ಗಂಟೆ ಕೂಡ ಮಲಗಿಲ್ಲ ಅಂದ.

ನಾನು ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷ ಹರಿಹರದಲ್ಲಿ ಲಾರಿ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು. ಅಪ್ಪ ತೀರಿಕೊಂಡ ಮೇಲೆ ಗದ್ದೆಗೆ ಬಂದೆ. ಆಗ ಟರ್ಬೊ ಅನ್ನೋದನ್ನ ನಾನು ಕಂಡಿರಲಿಲ್ಲ. ಆದ್ರೆ ಕರಿ ಹೊಗೆ ಅಂದ್ರೆ ಏನು ಅಂತ ಅವತ್ತೇ ನಮ್ಮ ಮೇಸ್ತ್ರಿ ಹೇಳಿಕೊಟ್ಟಿದ್ದರು. ಡೀಸೆಲ್ ಬರ್ತಾ ಇದೆ, ಅದನ್ನ ಸುಡೋಷ್ಟು ಗಾಳಿ ಬರ್ತಾ ಇಲ್ಲ. ಒಲೆಗೆ ಸೌದೆ ತುರುಕಿ ಊದದೇ ಇದ್ರೆ ಹೊಗೆ ಏಳುತ್ತಲ್ಲ, ಅದೇ. ಹಂಗಾಗಿ ಪಂಪ್ ಮೇಲೆ ಅನುಮಾನ ಪಡೋಕೆ ಮುಂಚೆ ಗಾಳಿ ದಾರಿ ನೋಡ್ಬೇಕು.

ಕೊಯ್ಲು ಮುಗೀತು, ಕತ್ತಲಾಯ್ತು. ಮಿಷನ್ ನಮ್ಮ ಕಣದಲ್ಲೇ ನಿಂತಿತ್ತು, ಬೆಳಿಗ್ಗೆ ಪಕ್ಕದ ಗದ್ದೆಗೆ ಇಳೀಬೇಕು. ನನ್ನ ಜೊತೆ ಗ್ಯಾರೇಜಿನಲ್ಲಿದ್ದ ಗೆಳೆಯ ಈಗ ಸ್ವಂತ ಗ್ಯಾರೇಜ್ ಇಟ್ಟಿದಾನೆ. ಅವನಿಗೆ ಫೋನ್ ಮಾಡ್ದೆ. ಬೈಕಿನಲ್ಲಿ ಬಂದ. ಮಿಷನ್ ಓನರ್‌ಗೆ ಕೇಳಿದ್ರೆ ಮೊದಲು "ಏನೂ ಮುಟ್ಬೇಡಿ" ಅಂದ್ರು. ಆಮೇಲೆ ಗೆಳೆಯ ಮಾತಾಡಿದ ಮೇಲೆ "ಬಿಚ್ಚಿ ನೋಡ್ರಿ, ಹಾಳು ಮಾಡ್ಬೇಡಿ" ಅಂತ ಒಪ್ಪಿದ್ರು.

ಇಂಜಿನ್ ಆರಿದ ಮೇಲೆ ಹೊರಗಿನ ಜಾಲರಿ ತೆಗೆದ್ವಿ. ಜಾಲರಿ ಸ್ವಚ್ಛ ಇತ್ತು. ಹುಡುಗ ದಿನಾ ಕೈಯಲ್ಲಿ ಒರೆಸ್ತಾನೆ. ಅದರ ಹಿಂದೆ ಇಂಟರ್ ಕೂಲರ್, ಅದರ ಹಿಂದೆ ರೇಡಿಯೇಟರ್. ಎರಡರ ನಡುವೆ ಎರಡು ಬೆರಳು ಹೋಗೋಷ್ಟು ಸಂದು. ಬೋಲ್ಟ್ ಬಿಚ್ಚಿ ಇಂಟರ್ ಕೂಲರ್‌ನ ಮುಂದಕ್ಕೆ ಸರಿಸಿ ಟಾರ್ಚ್ ಬಿಟ್ರೆ, ಕಂಬಳಿ ಸಿಕ್ತು. ನಿಜವಾಗಿ ಕಂಬಳಿ ಅಲ್ಲ. ಹೊಟ್ಟು, ಭತ್ತದ ಮುಳ್ಳು, ಧೂಳು, ಎಣ್ಣೆ ಜಿಡ್ಡು ಎಲ್ಲಾ ಸೇರಿ ಒತ್ತಿ ಒತ್ತಿ ಕಂಬಳಿ ಥರ ಆಗಿತ್ತು. ಬೆರಳಲ್ಲಿ ಹಿಡಿದು ಎಳೆದ್ರೆ ಹಾಳೆ ಹಾಳೆಯಾಗಿ ಕಿತ್ತು ಬಂತು. ಅರ್ಧ ಬುಟ್ಟಿ ಆಯ್ತು. ಇನ್ನೊಂದು ಕಡೆ, ಟರ್ಬೊದಿಂದ ಇಂಟರ್ ಕೂಲರ್‌ಗೆ ಹೋಗೋ ರಬ್ಬರ್ ಹೋಸ್ ಸೀಳಿತ್ತು. ಸೀಳಿದ ಜಾಗಕ್ಕೆ ಸೈಕಲ್ ಟ್ಯೂಬ್ ಸುತ್ತಿ ಬೈಂಡಿಂಗ್ ವೈರ್ ಬಿಗಿದಿದ್ರು. ಸುಂಯ್ ಸದ್ದು ಅದೇ.

ಈಗ ಇಂಟರ್ ಕೂಲರ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪನಿ ಪುಸ್ತಕದಲ್ಲಿ ಇದನ್ನೇ ಚಾರ್ಜ್ ಏರ್ ಕೂಲರ್ ಅಂತ ಬರೆದಿರ್ತಾರೆ, ಎರಡೂ ಒಂದೇ.

ಇಂಜಿನ್ನಿನಿಂದ ಹೊರಗೆ ಹೋಗೋ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತೆ. ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿ ಎಳೆದು ಒತ್ತಿ ಇಂಜಿನ್ನಿಗೆ ತುಂಬುತ್ತೆ. ಇದು ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಚಿ ಅನ್ನೋ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದರು. ಹೆಚ್ಚು ಗಾಳಿ ಹೋದ್ರೆ ಹೆಚ್ಚು ಡೀಸೆಲ್ ಪೂರ್ತಿ ಸುಡಬಹುದು, ಅದೇ ಸೈಜಿನ ಇಂಜಿನ್ನಿಂದ ಹೆಚ್ಚು ಶಕ್ತಿ.

ಆದ್ರೆ ಒಂದು ತೊಡಕು. ಗಾಳಿ ಒತ್ತಿದ್ರೆ ಬಿಸಿ ಆಗುತ್ತೆ. ಸೈಕಲ್ಲಿಗೆ ಪಂಪ್ ಹೊಡೆಯೋವಾಗ ಪಂಪಿನ ಬುಡ ಮುಟ್ಟಿ ನೋಡಿ, ಗೊತ್ತಾಗುತ್ತೆ. ಹೊರಗೆ 30 ಡಿಗ್ರಿ ಇರೋ ಗಾಳಿನ ಟರ್ಬೊ ಎರಡರಷ್ಟು ಒತ್ತಡಕ್ಕೆ ಒತ್ತಿದ್ರೆ ಅದು 100 ಡಿಗ್ರಿ ದಾಟಿ 120ರ ಆಸುಪಾಸಿಗೆ ಹೋಗುತ್ತೆ. ಬಿಸಿ ಗಾಳಿ ಹಿಗ್ಗುತ್ತೆ, ಅದೇ ಜಾಗದಲ್ಲಿ ಕಮ್ಮಿ ಗಾಳಿ ಹಿಡಿಯುತ್ತೆ. ಹಂಗಾಗಿ ಟರ್ಬೊದಿಂದ ಬಂದ ಗಾಳಿನ ನೇರವಾಗಿ ಇಂಜಿನ್ನಿಗೆ ಬಿಡದೆ, ಅಲ್ಯೂಮಿನಿಯಂ ಕೊಳವೆಗಳ ಒಳಗೆ ಹರಿಸಿ, ಕೊಳವೆ ಹೊರಗಿನ ತೆಳು ರೆಕ್ಕೆಗಳ ಮೇಲೆ ಫ್ಯಾನ್ ಎಳೆಯೋ ಗಾಳಿ ತಾಗಿಸಿ ತಣ್ಣಗೆ ಮಾಡ್ತಾರೆ. 120 ಇದ್ದದ್ದು 55ಕ್ಕೆ ಇಳಿದ್ರೆ, ನೂರು ಸೇರು ಗಾಳಿ ಹಿಡಿಯೋ ಜಾಗದಲ್ಲಿ ನೂರಿಪ್ಪತ್ತು ಸೇರು ಹಿಡಿಯುತ್ತೆ. ಅಷ್ಟೇ ಇದರ ಕೆಲಸ. ಒಳಗೆ ತಿರುಗೋ ಒಂದು ಭಾಗವೂ ಇಲ್ಲ, ಅದಕ್ಕೇ ಯಾರೂ ಅದರ ಕಡೆ ನೋಡಲ್ಲ.

ರೆಕ್ಕೆ ಸಂದಿಗೆ ಹೊಟ್ಟು ತುಂಬಿದ್ರೆ ಒಂದಲ್ಲ, ಎರಡು ಪೆಟ್ಟು. ಒಳಗಿನ ಗಾಳಿ ತಣ್ಣಗಾಗಲ್ಲ, ದಮ್ಮು ಕಮ್ಮಿ. ಹಿಂದಿನ ರೇಡಿಯೇಟರ್‌ಗೂ ಗಾಳಿ ಸಿಗಲ್ಲ, ನೀರು ಕಾಯುತ್ತೆ. ಹೋಸ್ ಸೀಳಿದ್ರೆ ಟರ್ಬೊ ಒತ್ತಿದ ಗಾಳಿ ದಾರಿಯಲ್ಲೇ ಸೋರಿ ಹೋಗುತ್ತೆ. ಹಳೇ ಪಂಪಿನ ಇಂಜಿನ್ನಿಗೆ ಇದು ಗೊತ್ತಾಗಲ್ಲ, ಡೀಸೆಲ್ ಅಷ್ಟೇ ಹಾಕ್ತಾ ಇರುತ್ತೆ, ಕರಿ ಹೊಗೆ ಬರುತ್ತೆ. ಹೊಸ ಸೆನ್ಸರ್ ಇಂಜಿನ್ನಿಗೆ ಗೊತ್ತಾಗುತ್ತೆ, ಅದು ಲೈಟ್ ಹಾಕಿ ತಾನೇ ಶಕ್ತಿ ಇಳಿಸಿಬಿಡುತ್ತೆ. 2023ರ ಜನವರಿಯಿಂದ 50 ಎಚ್.ಪಿ. ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದ ಮೇಲೆ ಇಂಥ ಇಂಜಿನ್ ನಮ್ಮ ಊರುಗಳಿಗೂ ಬರ್ತಾ ಇವೆ. ಅಂದ್ರೆ ಇದು ಬರೀ ಕಟಾವು ಮಿಷನ್ ಓನರ್‌ಗಳ ವಿಷಯ ಅಲ್ಲ, ನಾಳೆ ನಮ್ಮ ಮನೆ ಮುಂದಿನ ಟ್ರ್ಯಾಕ್ಟರ್ ವಿಷಯ.

ಈಗ ನನ್ನ ಅಭಿಪ್ರಾಯ ಹೇಳ್ತೀನಿ. ಸಿಟ್ಟು ಬರೋರಿಗೆ ಬರಲಿ.

ನಮ್ಮಲ್ಲಿ ಮಿಷನ್ ಬಾಡಿಗೆ ಗಂಟೆ ಲೆಕ್ಕ. ಮಿಷನ್ ಆರೋಗ್ಯವಾಗಿ ಓಡಿದ್ರೂ ಗಂಟೆಗೆ 2,400, ಏದುಸಿರು ಬಿಟ್ಕೊಂಡು ಓಡಿದ್ರೂ ಗಂಟೆಗೆ 2,400. ಕಾಯಿಲೆ ಮಿಷನ್ನಿಂದ, ದಂಡ ಗದ್ದೆಯವನಿಂದ. ಹಂಗಾಗಿ ಮಿಷನ್ನಿನ ಉಸಿರಿನ ದಾರಿ ನೋಡೋದು ನಮ್ಮ ಹಕ್ಕು. ಬರೀ ಹಕ್ಕಲ್ಲ, ನಮ್ಮ ಜವಾಬ್ದಾರಿ ಕೂಡ. ಭತ್ತ ತೂಕಕ್ಕೆ ಹಾಕೋವಾಗ ತಕ್ಕಡಿ ಸೊನ್ನೆಗೆ ಇದೆಯಾ ಅಂತ ನೋಡ್ತೀವಿ. ಕೊಟ್ಟಿಗೆಗೆ ಎತ್ತು ತರೋಕೆ ಮುಂಚೆ ಬಾಯಿ ಬಿಡಿಸಿ ಹಲ್ಲು ನೋಡ್ತೀವಿ. 8,600 ರೂಪಾಯಿ ಕೊಡೋ ಮಿಷನ್ನಿನ ಜಾಲರಿ ತೆಗೆಸಿ ಒಂದು ಸಲ ನೋಡಲ್ಲ. ಕೇಳೋಕೆ ಸಂಕೋಚ. ಕೇಳಿದ್ರೆ ಮಿಷನ್ ಬೇರೆ ಗದ್ದೆಗೆ ಹೋಗಿಬಿಟ್ರೆ ಅನ್ನೋ ಭಯ. ನಾಲೆ ಕೊನೆ ಭಾಗದವರಿಗೆ ಈ ಭಯ ಇನ್ನೂ ಜಾಸ್ತಿ, ಎಲ್ಲರ ಭತ್ತವೂ ಒಂದೇ ವಾರ ಕೊಯ್ಲಿಗೆ ಬರುತ್ತೆ.

ಡ್ರೈವರ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕಂಪನಿ ಪುಸ್ತಕ ಇಂಗ್ಲಿಷಿನಲ್ಲಿ, ಅದೂ ಓನರ್ ಮನೆ ಬೀರುವಿನಲ್ಲಿ. ಆ ಹುಡುಗನಿಗೆ ಗೊತ್ತಿದ್ದದ್ದು ಜಾಲರಿ ಒರೆಸೋದು, ಅದನ್ನ ದಿನಾ ನಿಯತ್ತಾಗಿ ಮಾಡಿದಾನೆ. "ಮೊದ್ಲು ಗಂಟೆಗೆ ಎಂಟು ಲೀಟರ್ ಕುಡೀತಿತ್ತು, ಈಗ ಹತ್ತು ಕುಡೀತೈತೆ, ಓನರ್ ನನ್ನನ್ನೇ ಡೀಸೆಲ್ ಕಳ್ಳ ಅಂತಾರೆ" ಅಂತ ಆವತ್ತು ರಾತ್ರಿ ಹೇಳಿದ. ಆ ಮಾತು ನನಗೆ ಮೂರು ಸಾವಿರಕ್ಕಿಂತ ಜಾಸ್ತಿ ನೋವಾಯ್ತು. ಹೊಟ್ಟಿನ ಕಂಬಳಿ ಮಾಡಿದ ಕಳ್ಳತನಕ್ಕೆ ಹುಡುಗನ ಮೇಲೆ ಅಪವಾದ.

ಹಂಗಾದ್ರೆ ಏನು ಮಾಡ್ಬೇಕು? ಗೆಳೆಯ ಆವತ್ತು ರಾತ್ರಿ ಮಾಡಿದ್ದನ್ನ, ಆಮೇಲೆ ಹೇಳಿಕೊಟ್ಟಿದ್ದನ್ನ ಬರೀತೀನಿ.

ಹೊರಗಿನ ಸ್ವಚ್ಛತೆ. ಇಂಜಿನ್ ಬಂದ್ ಮಾಡಿ ಕೀಲಿ ಕೈಯಲ್ಲಿ ಇಟ್ಕೊಳ್ಳಿ. ಫ್ಯಾನ್ ಪೂರ್ತಿ ನಿಲ್ಲಲಿ. ಟರ್ಬೊ, ಸೈಲೆನ್ಸರ್ ಆರೋವರೆಗೆ ಕೈ ಹಾಕಬೇಡಿ. ಫ್ಯಾನ್ ಹೊರಗಿನಿಂದ ಒಳಕ್ಕೆ ಎಳೆಯುತ್ತೆ, ಹಂಗಾಗಿ ನಾವು ಗಾಳಿ ಹೊಡೀಬೇಕಾದ್ದು ಒಳಗಿನಿಂದ ಹೊರಕ್ಕೆ. ಹೊರಗಿನಿಂದ ಹೊಡೆದ್ರೆ ಹೊಟ್ಟು ಇನ್ನೂ ಒಳಕ್ಕೆ ಹೋಗಿ ಕೂರುತ್ತೆ. ಮುಖ್ಯವಾದ ಮಾತು, ಎರಡೂ ಜೊತೆಗೇ ಇದ್ದಾಗ ರೇಡಿಯೇಟರ್ ಹಿಂದಿನಿಂದ ಹೊಡೆದ್ರೆ ಅಲ್ಲಿನ ಹೊಟ್ಟು ಬಂದು ಇಂಟರ್ ಕೂಲರ್ ಬೆನ್ನಿಗೆ ಅಂಟುತ್ತೆ, ಎದುರಿಗೆ ನಿಂತವನಿಗೆ ಸ್ವಚ್ಛ ಆದ ಹಾಗೆ ಕಾಣುತ್ತೆ. ಆದ್ದರಿಂದ ಬೋಲ್ಟ್ ಸಡಿಲಿಸಿ ಎರಡನ್ನೂ ಬೇರೆ ಮಾಡಿಯೇ ಮಾಡ್ಬೇಕು. ಕೆಲವು ಮಿಷನ್‌ಗಳಲ್ಲಿ ಬಾಗಿಲ ಥರ ತೆರೆದುಕೊಳ್ಳುತ್ತೆ, ಕೆಲವದರಲ್ಲಿ ಸರಿಸಬೇಕು.

ನಾಜಲ್ ರೆಕ್ಕೆಗೆ ನೇರವಾಗಿ ಹಿಡೀಬೇಕು, ಒಂದು ಗೇಣು ದೂರದಿಂದ. ಓರೆಯಾಗಿ ಜೋರಾಗಿ ಹೊಡೆದ್ರೆ ತೆಳು ರೆಕ್ಕೆ ಮಡಚಿಕೊಳ್ಳುತ್ತೆ, ಮಡಚಿದ ರೆಕ್ಕೆಯಲ್ಲಿ ಹೊಟ್ಟು ಇಲ್ಲದಿದ್ರೂ ಗಾಳಿ ಹೋಗಲ್ಲ. ವಾಟರ್ ಸರ್ವಿಸ್‌ನವರು ಬೈಕ್ ತೊಳೆಯೋ ಗನ್ನನ್ನ ಹತ್ತಿರದಿಂದ ಬಿಡ್ತಾರಲ್ಲ, ಅದು ಬೇಡವೇ ಬೇಡ. ಜಿಡ್ಡು ಇದ್ರೆ ಸಾದಾ ಸೋಪಿನ ನೀರು ಹಾಕಿ ನೆನೆಸಿ, ಮೆದುವಾಗಿ ನೀರು ಬಿಟ್ಟು ತೊಳೆದು ಒಣಗಿಸಿ. ಕಾಸ್ಟಿಕ್ ಸೋಡಾ ಹಾಕಬೇಡಿ, ಆಸಿಡ್ ಹಾಕಬೇಡಿ. ಅಲ್ಯೂಮಿನಿಯಂ ತಿಂದುಬಿಡುತ್ತೆ. ಬಿಸಿ ಇದ್ದಾಗ ತಣ್ಣೀರು ಸುರಿಯಬೇಡಿ.

ಹೊಲದಲ್ಲಿ ಕಂಪ್ರೆಸರ್ ಎಲ್ಲಿಂದ ತರೋದು ಅಂತೀರಾ? ತೋಟದವರು ಹೆಗಲಿಗೆ ಹಾಕ್ಕೊಂಡು ಎಲೆ ಊದೋ ಬ್ಲೋವರ್ ಇರುತ್ತಲ್ಲ, ಒಣ ಹೊಟ್ಟಿಗೆ ಅದು ಸಾಕು. ಅಡಿಕೆ ಇರೋ ಊರಲ್ಲೆಲ್ಲಾ ಒಂದಾದರೂ ಇರುತ್ತೆ. ಅದರಲ್ಲೇ ಟರ್ಬೊ ಸುತ್ತ ಕೂತಿರೋ ಹೊಟ್ಟನ್ನೂ ಊದಿಬಿಡಿ. ಕಾದ ಟರ್ಬೊ ಮೇಲೆ ಒಣ ಹೊಟ್ಟು ಕೂತ್ರೆ ಬೆಂಕಿ. ಮಿಷನ್ ಸುಟ್ಟರೆ ನಿಂತಿರೋ ಬೆಳೆಯೂ ಸುಡುತ್ತೆ.

ಹೋಸ್ ಮತ್ತು ಕ್ಲಿಪ್. ಹೋಸ್‌ನ ಹಿಚುಕಿ ನೋಡಿ. ಎಣ್ಣೆ ಕುಡಿದು ಮೆತ್ತಗಾಗಿದ್ರೆ, ಬಿರುಕು ಬಿಟ್ಟಿದ್ರೆ ಬದಲಾಯಿಸಿ. ಸೈಕಲ್ ಟ್ಯೂಬ್ ಬದುವಿನಿಂದ ಮನೆಗೆ ಬರೋವರೆಗೆ, ಇಡೀ ಸೀಸನ್ನಿಗಲ್ಲ. ಹೊಸ ಹೋಸ್ ಹಾಕೋವಾಗ ಪೈಪಿನ ಬಾಯಿ ಒರೆಸಿ ಒಣಗಿಸಬೇಕು. ಸುಲಭವಾಗಿ ಜಾರಲಿ ಅಂತ ಗ್ರೀಸ್ ಹಚ್ಚಿದ್ರೆ ಭಾರ ಬಿದ್ದಾಗ ಅದೇ ಗ್ರೀಸಿನ ಮೇಲೆ ಜಾರಿ ಕಳಚಿಕೊಳ್ಳುತ್ತೆ. ಪೈಪಿನ ತುದಿಯಲ್ಲಿ ಉಬ್ಬಿದ ಬಳೆ ಥರ ಇರುತ್ತೆ, ಕ್ಲಿಪ್ ಅದರ ಹಿಂದೆ ಕೂರಬೇಕು, ಮೇಲೆ ಅಲ್ಲ. ಸಾದಾ ಸ್ಕ್ರೂ ಕ್ಲಿಪ್ ಜಾಸ್ತಿ ಬಿಗಿದ್ರೆ ರಬ್ಬರ್ ಕುಯ್ಯುತ್ತೆ. ಅಗಲ ಪಟ್ಟಿಯ ಬೋಲ್ಟ್ ಕ್ಲಾಂಪ್ ಒಳ್ಳೇದು. ಒಂದು ದಿನ ಕೆಲಸ ಆದ ಮೇಲೆ ಮತ್ತೊಂದು ಸಲ ಬಿಗಿ ನೋಡಿ, ಬಿಸಿ ತಣ್ಣಗೆ ಆಗಿ ಆಗಿ ಸಡಿಲ ಆಗಿರುತ್ತೆ.

ಇಲ್ಲೊಂದು ವ್ಯತ್ಯಾಸ ತಿಳ್ಕೊಳ್ಳಿ. ಟರ್ಬೊ ಆದ ಮೇಲಿನ ಹೋಸ್ ಸೀಳಿದ್ರೆ ಗಾಳಿ ಹೊರಗೆ ಸೋರುತ್ತೆ, ಶಕ್ತಿ ಹೋಗುತ್ತೆ. ಏರ್ ಕ್ಲೀನರ್‌ಗೂ ಟರ್ಬೊಗೂ ನಡುವಿನ ಹೋಸ್ ಸೀಳಿದ್ರೆ ಅದು ಧೂಳನ್ನ ಒಳಗೆ ಎಳೆಯುತ್ತೆ. ಸದ್ದಿಲ್ಲ, ಹೊಗೆ ಇಲ್ಲ, ಇಂಜಿನ್ ಮಾತ್ರ ಒಳಗೇ ಸವೆದು ಹೋಗುತ್ತೆ. ಕೂಗೋ ಕಾಯಿಲೆಗಿಂತ ಕೂಗದ ಕಾಯಿಲೆ ಕೆಟ್ಟದ್ದು. ಎರಡನ್ನೂ ನೋಡಿ.

ಒಳಗಿನ ಎಣ್ಣೆ. ಇಂಟರ್ ಕೂಲರ್ ಪೈಪ್ ಬಿಚ್ಚಿದಾಗ ಒಳಗೆ ತೆಳುವಾಗಿ ಎಣ್ಣೆ ಪಸೆ ಇದ್ರೆ ಗಾಬರಿ ಬೇಡ. ಆದ್ರೆ ಬಗ್ಗಿಸಿದ್ರೆ ಎಣ್ಣೆ ಸುರೀತು ಅಂದ್ರೆ ಟರ್ಬೊ ಸೀಲ್ ಹೋಗಿರಬಹುದು, ಏರ್ ಕ್ಲೀನರ್ ಕಟ್ಟಿರಬಹುದು, ಇಂಜಿನ್ ಉಸಿರಾಡೋ ಬ್ರೀದರ್ ಕಟ್ಟಿರಬಹುದು. ಎಣ್ಣೆ ಚೆಲ್ಲಿ ಹಂಗೇ ಜೋಡಿಸಿ ಓಡಿಸಬೇಡಿ, ಕಾರಣ ಹುಡುಕಿ. ತುಂಬಿಕೊಂಡ ಎಣ್ಣೆನ ಡೀಸೆಲ್ ಇಂಜಿನ್ ಎಳೆದುಕೊಂಡ್ರೆ ಕೀಲಿ ತೆಗೆದ್ರೂ ನಿಲ್ಲದೆ ಅದರ ಮೇಲೇ ಹುಚ್ಚುಚ್ಚಾಗಿ ಓಡುತ್ತೆ. ಇನ್ನೊಂದು, ಟರ್ಬೊ ಒಡೆದು ಹೊಸದು ಹಾಕಿಸಿದಾಗ ಇಂಟರ್ ಕೂಲರ್ ಬಿಚ್ಚಿ ಒಳಗೆ ತೊಳೆದೇ ಹಾಕಬೇಕು. ಒಡೆದ ಚಕ್ರದ ಚೂರು ಅಲ್ಲಿ ಕೂತಿರುತ್ತೆ, ಆಮೇಲೆ ಯಾವತ್ತೋ ಇಂಜಿನ್ನಿಗೆ ಹೋಗುತ್ತೆ. ತೊಳೆದ್ರೂ ಚೂರು ಬರಲಿಲ್ಲ ಅನಿಸಿದ್ರೆ ಬದಲಾಯಿಸೋದೇ ಸರಿ.

ಸೋರಿಕೆ ಪರೀಕ್ಷೆ. ಇದು ಗ್ಯಾರೇಜಿನ ಕೆಲಸ, ಮನೆಯಲ್ಲಿ ಬೇಡ. ಒಂದು ಬಾಯಿ ಮುಚ್ಚಿ ಇನ್ನೊಂದರಿಂದ ಅಳತೆ ಗಾಳಿ ತುಂಬಿ ಸೋಪಿನ ನೀರು ಹಚ್ಚಿದ್ರೆ ಗುಳ್ಳೆ ಬಂದ ಕಡೆ ಸೋರಿಕೆ. ದೊಡ್ಡ ಇಂಜಿನ್‌ಗಳ ಇಂಟರ್ ಕೂಲರ್‌ಗೆ 30 ಪಿ.ಎಸ್.ಐ. ತುಂಬಿ ಮುಚ್ಚಿದ್ರೆ 15 ಸೆಕೆಂಡಿನಲ್ಲಿ 5 ಪಿ.ಎಸ್.ಐ.ಗಿಂತ ಜಾಸ್ತಿ ಇಳೀಬಾರದು ಅನ್ನೋದು ಸಾಮಾನ್ಯ ಲೆಕ್ಕ. ನಿಮ್ಮ ಇಂಜಿನ್ನಿನ ಲೆಕ್ಕ ಅದರ ಪುಸ್ತಕದಲ್ಲಿ ಇರುತ್ತೆ, ಅದೇ ಕೊನೇ ಮಾತು. ರೇಡಿಯೇಟರ್ ಒಂದು ಹನಿ ಸೋರಿದ್ರೂ ತಪ್ಪು, ಇದು ಹಂಗಲ್ಲ, ಒಂಚೂರು ಸೋರಿಕೆ ಲೆಕ್ಕದೊಳಗೆ ಇದ್ರೆ ನಡೆಯುತ್ತೆ. ಹಂಗಾಗಿ ನಾಲ್ಕು ಗುಳ್ಳೆ ತೋರಿಸಿ "ಹೊಸದೇ ಹಾಕ್ಬೇಕು" ಅಂದವರ ಮಾತಿಗೆ ತಕ್ಷಣ ದುಡ್ಡು ಎಣಿಸಬೇಡಿ, ಮೀಟರ್ ತೋರಿಸಿ ಅನ್ನಿ. ಬಾಯಿಗೆ ಹಾಕಿದ ಬಿರಡೆಗೆ ಚೈನ್ ಕಟ್ಟಿರಬೇಕು, ಕಿತ್ತುಕೊಂಡು ಹಾರಿದ್ರೆ ಕಲ್ಲು ಬೀಸಿದ ಹಾಗೆ ಬಡಿಯುತ್ತೆ.

ಹೊಸ ಇಂಟರ್ ಕೂಲರ್ ಕೂರಿಸೋದು. ಹಳೇದು ರಬ್ಬರ್ ಬುಷ್ ಮೇಲೆ ಕೂತಿದ್ರೆ ಹೊಸದೂ ರಬ್ಬರ್ ಬುಷ್ ಮೇಲೇ ಕೂರಬೇಕು. ಬುಷ್ ಸಿಗಲಿಲ್ಲ ಅಂತ ಫ್ರೇಮಿಗೆ ನೇರ ಬಿಗಿದ್ರೆ, ವೆಲ್ಡಿಂಗ್ ಮಾಡಿದ್ರೆ, ಬಿಸಿಗೆ ಹಿಗ್ಗೋಕೆ ಜಾಗ ಇಲ್ಲದೆ, ಇಂಜಿನ್ ನಡುಕ ತಡೆಯಲಾರದೆ ಮೂಲೆಯಲ್ಲಿ ಬಿರುಕು ಬಿಡುತ್ತೆ. ಸುತ್ತ ಇರೋ ಸ್ಪಂಜು ಪಟ್ಟಿ ಕಿತ್ತು ಬಿಸಾಕಬೇಡಿ. ಅದು ಇಲ್ಲದಿದ್ರೆ ಫ್ಯಾನಿನ ಗಾಳಿ ರೆಕ್ಕೆ ಒಳಗೆ ಹೋಗೋ ಬದಲು ಪಕ್ಕದಿಂದ ನುಸುಳಿ ಹೋಗುತ್ತೆ. ಬಿಚ್ಚಿಟ್ಟಾಗ ಪೈಪಿನ ಬಾಯಿಗೆ ಬಟ್ಟೆ ತುರುಕಿದ್ರೆ ಎಷ್ಟು ಬಟ್ಟೆ ಅಂತ ಎಣಿಸಿ, ಜೋಡಿಸೋವಾಗ ಅಷ್ಟೂ ಹೊರಗೆ ಬಂತಾ ನೋಡಿ. ನಗಬೇಡಿ, ಒಳಗೇ ಮರೆತು ಜೋಡಿಸಿದವರು ಇದಾರೆ.

ಇದೇ ಮಾತಿಗೆ ಇನ್ನೊಂದು ವಿಷಯ. ನಮ್ಮ ಅಣ್ಣನ ಮಗ ಹಳೇ 45 ಎಚ್.ಪಿ. ಟ್ರ್ಯಾಕ್ಟರ್‌ಗೆ ಟರ್ಬೊ, ಇಂಟರ್ ಕೂಲರ್ ಎರಡೂ ಕೂರಿಸಿ ಪಂಪ್ ಏರಿಸಿಕೊಡ್ತಾರಂತೆ ಅಂತ ಕುಣೀತಾ ಬಂದ. "ಚಿಕ್ಕಪ್ಪ, ಅರವತ್ತು ಎಚ್.ಪಿ. ಆಗುತ್ತಂತೆ." ನಾನು ಬೇಡ ಅಂದೆ, ಇಲ್ಲೂ ಬೇಡ ಅಂತಲೇ ಬರೀತೀನಿ. ಇಂಟರ್ ಕೂಲರ್ ತಾನಾಗಿ ಶಕ್ತಿ ಕೊಡಲ್ಲ, ಹೆಚ್ಚು ಗಾಳಿಗೆ ಜಾಗ ಮಾಡುತ್ತೆ. ಶಕ್ತಿ ಬರೋದು ಹೆಚ್ಚು ಡೀಸೆಲ್ ಸುಟ್ಟಾಗ. ಆ ಹೆಚ್ಚಿನ ಬಿಸಿ, ಹೆಚ್ಚಿನ ಒತ್ತಡ ತಡೆಯೋ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಬೇರಿಂಗ್ ಆ ಇಂಜಿನ್ನಿಗೆ ಕಂಪನಿ ಹಾಕಿಲ್ಲ. ಕ್ಲಚ್ಚು, ಗೇರ್ ಬಾಕ್ಸು 45ಕ್ಕೆ ಮಾಡಿದ್ದು. ಆರು ತಿಂಗಳು ಊರವರ ಮುಂದೆ ಮೀಸೆ ತಿರುವಬಹುದು, ಏಳನೇ ತಿಂಗಳು ಇಂಜಿನ್ ಬೋರ್ ಕೆಲಸಕ್ಕೆ ಎಮ್ಮೆ ಮಾರಬೇಕಾಗುತ್ತೆ. ಇರೋ ಮಿಷನ್ನಿಗೆ ಅದರ ಪೂರ್ತಿ ಉಸಿರು ಕೊಡಿ, ಇಲ್ಲದ ಉಸಿರು ತುರುಕಬೇಡಿ.

ನನ್ನ ಮಾತಿಗೆ ಎದುರು ಮಾತೂ ಬಂದಿದೆ. ಆ ಮಿಷನ್ ಓನರ್ ಹೇಳಿದ್ದು ನ್ಯಾಯವಾಗೇ ಇದೆ. "ಸೀಸನ್ ಇರೋದೇ ಇಪ್ಪತ್ತೈದು ದಿನ. ಬ್ಯಾಂಕ್ ಕಂತು ವರ್ಷಪೂರ್ತಿ. ಮಿಷನ್ ನಿಲ್ಲಿಸಿ ಬಿಚ್ಚೋಕೆ ಟೈಮ್ ಎಲ್ಲಿದೆ? ನಿಲ್ಲಿಸಿದ್ರೆ ನಿಮ್ಮವರೇ ಬೈತಾರೆ." ನಿಜ. ಮಿಷನ್ ಬದುವಿನ ಮೇಲೆ ನಿಂತ್ರೆ ನಾವೇ "ಏನು ಟೀ ಕುಡೀತಾ ಕೂತಿದೀರಾ" ಅಂತ ಕೂಗ್ತೀವಿ. ಇನ್ನು ಕೆಲವರು ಗಂಟೆ ಲೆಕ್ಕ ಬಿಟ್ಟು ಎಕರೆ ಲೆಕ್ಕ ಮಾಡಿ ಅಂತಾರೆ. ನನಗೆ ಅದೂ ಪೂರ್ತಿ ಒಪ್ಪಿಗೆ ಇಲ್ಲ. ಎಕರೆ ಲೆಕ್ಕ ಆದ್ರೆ ಓಡಿಸಿಕೊಂಡು ಹೋಗ್ತಾರೆ, ಭತ್ತ ಹುಲ್ಲಿನ ಜೊತೆ ಹಿಂದೆ ಬೀಳುತ್ತೆ. ಆ ನಷ್ಟ ಗದ್ದೆಗೆ ಬಾತುಕೋಳಿ ಬಿಟ್ಟಾಗಲೇ ಗೊತ್ತಾಗೋದು.

ಅದಕ್ಕೆ ನಮ್ಮ ತೂಬಿನ ಕೆಳಗಿನ ಹನ್ನೊಂದು ಜನ ಕೂತು ಒಂದು ತೀರ್ಮಾನ ಮಾಡಿದೀವಿ. ಬೇಸಿಗೆ ಬೆಳೆಗೆ ಯಾವ ಮಿಷನ್ ಬಂದ್ರೂ ಗದ್ದೆಗೆ ಇಳಿಯೋಕೆ ಮುಂಚೆ ಜಾಲರಿ ತೆಗೆಸಿ ಸಂದು ನೋಡೋದು, ಹೋಸ್ ಹಿಚುಕಿ ನೋಡೋದು. ಸೈಕಲ್ ಟ್ಯೂಬ್ ಕಂಡ್ರೆ ಹೊಸ ಹೋಸ್ ಹಾಕಿಸ್ಕೊಂಡೇ ಬನ್ನಿ ಅನ್ನೋದು. ದಿನಕ್ಕೆ ಒಂದು ಸಲ, ಮಧ್ಯಾಹ್ನದ ಊಟಕ್ಕೆ ನಿಂತಾಗ, 15 ನಿಮಿಷ ಬ್ಲೋವರ್ ಹಿಡಿದು ಊದೋದು. ಆ 15 ನಿಮಿಷಕ್ಕೂ ಬಾಡಿಗೆ ನಾವೇ ಕೊಡೋದು. 600 ರೂಪಾಯಿ. ಆವತ್ತು ಕೊಯ್ಸೋರು ನಾಲ್ಕು ಜನ ಇದ್ರೆ ತಲೆಗೆ 150. ಕೆಲವರು "ಅವನ ಮಿಷನ್ ಗುಡಿಸೋಕೆ ನಾವು ಯಾಕೆ ದುಡ್ಡು ಕೊಡ್ಬೇಕು" ಅಂದ್ರು. ನಾನು ನನ್ನ ಚೀಟಿ ತೋರಿಸ್ದೆ. 150 ಕೊಡದೆ 3,000 ಕೊಟ್ಟವನು ನಾನು.

ಆವತ್ತು ರಾತ್ರಿ ಹನ್ನೊಂದೂವರೆಗೆ ಕೆಲಸ ಮುಗೀತು. ಹೋಸ್ ಗೆಳೆಯನೇ ತಂದು ಹಾಕಿದ. ಬೆಳಿಗ್ಗೆ ಅದೇ ಮಿಷನ್, ಅದೇ ಹುಡುಗ, ಪಕ್ಕದವರ 1 ಎಕರೆ 20 ಗುಂಟೆಗೆ ಇಳಿದ. 1 ಗಂಟೆ 35 ನಿಮಿಷ. ನನ್ನ ಗದ್ದೆಯಲ್ಲಿ ಎಕರೆಗೆ 95 ನಿಮಿಷ ಹತ್ತಿರ ಹಿಡಿದಿತ್ತು, ಅಲ್ಲಿ 63. ಅವರ ಗದ್ದೆ ನನ್ನದಕ್ಕಿಂತ ಒಣಗಿತ್ತು, ಹಸಿ ಮೂಲೆ ಇರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಅದಕ್ಕೆ ಅರ್ಧ ಕಳೆದ್ರೂ ಉಳಿದರ್ಧ ಆ ಕಂಬಳಿ ಮತ್ತು ಸೀಳಿದ ಹೋಸಿನದ್ದೇ. ಹೊಗೆ ಬೂದಿ ಬಣ್ಣಕ್ಕೆ ತಿರುಗಿತ್ತು, ಸುಂಯ್ ಸದ್ದು ಇರಲಿಲ್ಲ.

ಕೃಷಿ ಇಲಾಖೆಯವರಿಗೂ, ಯಂತ್ರಧಾರೆ ಕೇಂದ್ರದವರಿಗೂ ಒಂದು ವಿನಂತಿ. ಮಿಷನ್ ಸಬ್ಸಿಡಿ, ಬಾಡಿಗೆ ದರ ಇವೆಲ್ಲಾ ಮಾತಾಡ್ತೀರಿ, ಒಳ್ಳೇದು. ಜೊತೆಗೆ ಸೀಸನ್ನಿಗೆ ಮುಂಚೆ ಒಂದು ದಿನ ಡ್ರೈವರ್ ಹುಡುಗರನ್ನ ಕೂರಿಸಿ, ಕನ್ನಡದಲ್ಲಿ, ತಮಿಳು ಬರೋರು ಇದ್ರೆ ತಮಿಳಲ್ಲೂ, ಜಾಲರಿ ಬಿಚ್ಚಿ ತೋರಿಸಿ. ಒಂದು ಹಾಳೆಯಲ್ಲಿ ಚಿತ್ರ ಬರೆದು ಮಿಷನ್ನಿಗೆ ಅಂಟಿಸಿ. ಅಷ್ಟು ಸಾಕು.

ಮಧ್ಯಾಹ್ನ ಗದ್ದೆ ಮುಗಿಸಿ ಹೊರಡೋವಾಗ ಹುಡುಗ ಹೊಟ್ಟಿನ ಆ ಕಂಬಳಿಯ ಒಂದು ತುಂಡನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಟಿನ ಕೆಳಗೆ ಇಟ್ಕೊಂಡ. "ಯಾಕಪ್ಪಾ ಅದು?" ಅಂದೆ. "ಓನರ್‌ಗೆ ತೋರ್ಸ್ಬೇಕು ಯಜಮಾನ್ರೇ, ಡೀಸೆಲ್ ಯಾರು ಕುಡಿದ್ರು ಅಂತ" ಅಂದ.

ನಿಮ್ಮ ಕಡೆ ಮಿಷನ್ ಬಂದಾಗ ಜಾಲರಿ ತೆಗೆಸಿ ನೋಡಿ. ಏನು ಸಿಕ್ತು, ಎಕರೆಗೆ ಎಷ್ಟು ನಿಮಿಷ ಆಯ್ತು ಬರೆದು ತಿಳಿಸಿ. ನಾನು ಬರೆದದ್ದರಲ್ಲಿ ತಪ್ಪಿದ್ರೆ ಮೆಕ್ಯಾನಿಕ್ ಬಂಧುಗಳು ತಿದ್ದಲಿ. ಮುಂದಿನ ಸಲ ಸಸಿಮಡಿ ವಿಷಯಕ್ಕೆ ಬರ್ತೀನಿ.